ಬೀದಿಯ ನಾಯಿಯನ್ನು ಮನೆಗೆ ತರುವ ಮುನ್ನ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ಗಾಯಗೊಂಡ ನಾಯಿ, ಯಾರೋ ಬಿಟ್ಟುಹೋದ ಮರಿ ಸಿಕ್ಕರೆ ನಾನು ಮತ್ತು ನನ್ನ ತಂಗಿ ಕೆಲವು ವಾರ ಇಟ್ಟುಕೊಳ್ಳುತ್ತೇವೆ. ಗುಣವಾದ ಮೇಲೆ ಒಳ್ಳೆ ಮನೆ ನೋಡಿ ಕೊಡುತ್ತೇವೆ. ಒಂದನ್ನು ಮಾತ್ರ ಕೊಡಲಾಗದೆ ಇಟ್ಟುಕೊಂಡೆವು. ಬಿಆರ್‌ಟಿಎಸ್ ನಿಲ್ದಾಣದ ಬಳಿ ಸಿಕ್ಕಿದ್ದಕ್ಕೆ ಅಲ್ಲಿ ಓಡುವ ಬಸ್ಸಿನ ಹೆಸರನ್ನೇ ಇಟ್ಟೆವು, ಚಿಗರಿ. ಕಾಲು ನೋಡಿದರೂ ಚಿಗರಿಯದೇ.

ನಾಯಿ ಕೇಳಿಕೊಂಡು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ರೆಸ್ಕ್ಯೂ ನಾಯಿ ಅಂದರೆ ಬೀದಿ ನಾಯಿನೇ ಅಲ್ವಾ?

ಹೆಚ್ಚಿನವು ಹೌದು. ಆದರೆ ಎಲ್ಲವೂ ಅಲ್ಲ. ಲ್ಯಾಬ್ರಡಾರ್, ಪೊಮೆರೇನಿಯನ್, ಜರ್ಮನ್ ಶೆಫರ್ಡ್‌ಗಳೂ ಬೀದಿಗೆ ಬೀಳುತ್ತವೆ. ಮರಿ ಇದ್ದಾಗ ಮುದ್ದು ಅಂತ ತಂದಿರುತ್ತಾರೆ. ದೊಡ್ಡದಾದ ಮೇಲೆ, ಚರ್ಮರೋಗ ಬಂದ ಮೇಲೆ ಬೈಪಾಸ್ ಪಕ್ಕ ಇಳಿಸಿ ಹೋಗುತ್ತಾರೆ. ಇಂಥ ನಾಯಿಗಳ ಸ್ಥಿತಿ ಓಣಿ ನಾಯಿಗಿಂತ ಕೆಟ್ಟದ್ದು. ಅವಕ್ಕೆ ರಸ್ತೆ ದಾಟಲು ಬರುವುದಿಲ್ಲ, ಊಟ ಹುಡುಕಿಕೊಳ್ಳಲು ಬರುವುದಿಲ್ಲ. ಓಣಿಯ ಬೇರೆ ನಾಯಿಗಳು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ನಾಯಿ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಓಣಿಯಲ್ಲೇ ನೋಡಿ. ಆಮೇಲೆ ನಿಮಗೆ ಹತ್ತಿರದ ಪಶುವೈದ್ಯರನ್ನು ಕೇಳಿ. ಯಾವ ಮರಿಗೆ ಮನೆ ಬೇಕಾಗಿದೆ, ಯಾರು ನಾಯಿ ನೋಡಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವಳಿ ನಗರದಲ್ಲಿ ನಮ್ಮ ಹಾಗೆ ಮನೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡುವವರೂ ಇದ್ದಾರೆ.

ಕೊಡುವವರು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳಿದರೆ ಬೇಜಾರಾಗಬೇಡಿ. ಮನೆ ನೋಡಲು ಬರುತ್ತೇವೆ ಅಂದರೆ ಬರಲಿ ಬಿಡಿ. ನಾಯಿಯ ಮೇಲೆ ಕಾಳಜಿ ಇರುವವರೇ ಹಾಗೆ ಕೇಳುತ್ತಾರೆ. ಏನೂ ಕೇಳದೆ, ಇಂಜೆಕ್ಷನ್ ಪುಸ್ತಕವನ್ನೂ ತೋರಿಸದೆ, ಬರೀ ದುಡ್ಡಿನ ಮಾತಾಡಿದರೆ ಅಲ್ಲಿಂದ ಎದ್ದು ಬನ್ನಿ.

ಮರಿಯಾದರೆ ಎಂಟು ವಾರ ತುಂಬುವ ತನಕ ತಾಯಿ ಹತ್ತಿರವೇ ಇರಲಿ. ನಾಯಿ ಮಾರುವವರೂ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ ಅಂತ 2017ರ ನಿಯಮ ಇದೆ. ಅದಕ್ಕೆ ಕಾರಣವೂ ಇದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದೇ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗ. ನಾಲ್ಕು ವಾರಕ್ಕೇ ತಂದ ಮರಿ ಆಮೇಲೆ ಮಕ್ಕಳ ಕೈ ಕಚ್ಚುತ್ತದೆ ಅಂತ ದೂರು ಬರುತ್ತದೆ. ಅದರಲ್ಲಿ ಮರಿಯ ತಪ್ಪೇನಿದೆ?

ನಮ್ಮ ಓಣಿಯ ನಾಯಿಯನ್ನೇ ಒಳಗೆ ಕರೆದುಕೊಳ್ಳಬಹುದಾ?

ಖಂಡಿತ. ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಇದೇ. ಅದರ ಗುಣ ನಿಮಗೆ ಮೊದಲೇ ಗೊತ್ತು, ನಿಮ್ಮ ವಾಸನೆ ಅದಕ್ಕೆ ಗೊತ್ತು.

ತರುವ ಮೊದಲು ಎರಡು ವಿಷಯ ನೋಡಿ. ಒಂದು, ಅದಕ್ಕೆ ದಿನಾ ಅನ್ನ ಹಾಕುವವರು ಯಾರಾದರೂ ಇದ್ದಾರಾ ಅಂತ ಕೇಳಿ. ನಮ್ಮ ಕಡೆ ಒಂದು ನಾಯಿಗೆ ನಾಲ್ಕು ಮನೆ ಇರುತ್ತವೆ. ಮೂಲೆಮನೆ ಅಜ್ಜಿ ದಿನಾ ಸಂಜೆ ರೊಟ್ಟಿ ಚೂರು ಹಿಡಿದು ಕಾಯುತ್ತಿರಬಹುದು. ಅವರಿಗೆ ಹೇಳದೆ ಒಯ್ಯಬೇಡಿ. ಎರಡು, ಕಿವಿಯ ತುದಿ ನೋಡಿ. ಸ್ವಲ್ಪ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಆಪರೇಷನ್ ಆಗಿದೆ, ರೇಬಿಸ್ ಲಸಿಕೆಯೂ ಬಿದ್ದಿದೆ ಅಂತ ಅರ್ಥ. ಆದರೂ ಎಂದು ಹಾಕಿದ ಲಸಿಕೆಯೋ ಗೊತ್ತಿಲ್ಲ, ಹಾಗಾಗಿ ಮತ್ತೊಮ್ಮೆ ಹಾಕಿಸಿ.

ಸುಪ್ರೀಂ ಕೋರ್ಟ್ ಆದೇಶದ ಬಗ್ಗೆ ಟಿವಿಯಲ್ಲಿ ಬಂತಲ್ಲ, ಅದಕ್ಕೂ ದತ್ತುಗೂ ಸಂಬಂಧ ಇದೆಯಾ?

ಇದೆ. ಈ ಪುಟದಲ್ಲಿ ಇದೊಂದನ್ನು ದಯವಿಟ್ಟು ನಿಧಾನಕ್ಕೆ ಓದಿ.

ಮೊದಲಿಂದ ಹೇಳುತ್ತೇನೆ. ಬೀದಿ ನಾಯಿಗಳ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ನಾಯಿ ಹಿಡಿಯಬೇಕು, ಆಪರೇಷನ್ ಮಾಡಬೇಕು, ಲಸಿಕೆ ಹಾಕಬೇಕು, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. 2025ರ ಆಗಸ್ಟ್ 11ರಂದು ದಿಲ್ಲಿ ಭಾಗದ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರದಲ್ಲೇ ಇಡಿ ಎಂಬ ಆದೇಶ ಬಂತು. ಆಗಸ್ಟ್ 22ಕ್ಕೆ ದೊಡ್ಡ ಪೀಠ ಅದನ್ನು ಬದಲಿಸಿತು. ರೇಬಿಸ್ ಇರುವ ಅಥವಾ ಮೇಲೆರಗುವ ನಾಯಿ ಬಿಟ್ಟು ಉಳಿದವನ್ನು ವಾಪಸ್ ಬಿಡಬಹುದು ಎಂದಿತು. ಊಟ ಹಾಕಲು ಬೇರೆ ಜಾಗ ಗುರುತಿಸಿ ಎಂದಿತು. ವಿಷಯವನ್ನು ಇಡೀ ದೇಶಕ್ಕೆ ವಿಸ್ತರಿಸಿತು.

ಅದೇ ಆದೇಶದಲ್ಲಿ ದತ್ತಿನ ಮಾತೂ ಇದೆ. ಬೀದಿ ನಾಯಿಯನ್ನು ದತ್ತು ಪಡೆಯಲು ಇಷ್ಟ ಇರುವವರು ಪಾಲಿಕೆಗೆ ಅರ್ಜಿ ಕೊಡಬಹುದು. ಆದರೆ ಒಮ್ಮೆ ತಗೊಂಡ ಮೇಲೆ ಆ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ತಗೊಂಡವರ ಜವಾಬ್ದಾರಿ.

ಆಮೇಲೆ ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಕ್ಕೆ ಒಯ್ಯಬೇಕು, ಮತ್ತೆ ಅಲ್ಲೇ ಬಿಡಬಾರದು ಅಂತ. ನಮ್ಮ ಊರಿನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಧಾರವಾಡ ಅಂದರೆ ಕಾಲೇಜುಗಳ ಊರು. ಹಾಸ್ಟೆಲ್ ಹುಡುಗರು ಮೆಸ್‌ನಲ್ಲಿ ಉಳಿದ ಅನ್ನ ಹಾಕಿ ಬೆಳೆಸಿದ ನಾಯಿಗಳು, ಬಸ್ ಸ್ಟ್ಯಾಂಡಿನ ಚಹಾದಂಗಡಿ ಎದುರು ಮಲಗುವ ನಾಯಿಗಳು ಎಷ್ಟಿವೆ! ಇಂಥವಕ್ಕೆ ಮನುಷ್ಯರ ರೂಢಿ ಚೆನ್ನಾಗಿದೆ. ದತ್ತು ತಗೊಳ್ಳುವ ಮನಸ್ಸಿದ್ದರೆ ಮೊದಲು ಅವನ್ನು ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಪಾಲಿಕೆಯ ಪರವಾನಗಿ ಬೇಕಾ?

ಸಾಕುನಾಯಿಯ ಲಸಿಕೆ, ಜಂತುಹುಳದ ಔಷಧಿ, ಆಪರೇಷನ್ ಎಲ್ಲ ಮಾಲೀಕರ ಜವಾಬ್ದಾರಿ ಅಂತ 2023ರ ನಿಯಮವೇ ಹೇಳುತ್ತದೆ. ನೋಂದಣಿ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆ. ಹುಬ್ಬಳ್ಳಿ-ಧಾರವಾಡದವರು ಮಹಾನಗರ ಪಾಲಿಕೆಯ ತಮ್ಮ ವಲಯ ಕಚೇರಿಗೆ, ಗದಗ, ಹಾವೇರಿಯವರು ತಮ್ಮ ನಗರಸಭೆಗೆ ಹೋಗಿ ಕೇಳಿ. ಲಸಿಕೆ ಪುಸ್ತಕ, ಮನೆ ವಿಳಾಸದ ದಾಖಲೆ, ನಾಯಿಯ ಎರಡು ಫೋಟೋ ಒಯ್ಯಿರಿ. ದುಡ್ಡು ಕಟ್ಟಿದರೆ ರಸೀದಿ ತಗೊಳ್ಳದೆ ಬರಬೇಡಿ. ದತ್ತು ಕೊಟ್ಟವರಿಂದ ಒಂದು ಸಹಿ ಮಾಡಿದ ಪತ್ರವನ್ನೂ ಇಟ್ಟುಕೊಳ್ಳಿ. ನಾಳೆ ಯಾರಾದರೂ ಇದು ನನ್ನ ನಾಯಿ ಅಂತ ಬಂದರೆ ಅದೇ ಆಧಾರ.

ಪಿಟ್‌ಬುಲ್, ರಾಟ್‌ವೀಲರ್ ನಿಷೇಧ ಆಗಿದೆಯಂತೆ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿಷೇಧದ ಸುತ್ತೋಲೆ ಕಳಿಸಿದ್ದು ನಿಜ. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಮೊದಲ ಬಾರಿ ನಾಯಿ ಸಾಕುವವರು ಇಂಥ ಬಲಶಾಲಿ ನಾಯಿಗೆ ಕೈ ಹಾಕಬೇಡಿ ಅಂತಲೇ ನಾನು ಹೇಳುತ್ತೇನೆ.

ಬಾಡಿಗೆ ಮನೆಯಲ್ಲಿದ್ದೇವೆ. ಅಪಾರ್ಟ್‌ಮೆಂಟಿನವರೂ ಬೇಡ ಅಂತಾರೆ. ಏನು ಮಾಡೋದು?

ಇವು ಎರಡೂ ಬೇರೆ ಬೇರೆ.

ಅಪಾರ್ಟ್‌ಮೆಂಟಿನ ಸಂಘ ಸಾಕುನಾಯಿಗೆ ಪೂರ್ತಿ ನಿಷೇಧ ಹೇರುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಹುಮತದಿಂದ ಠರಾವು ಮಾಡಿದರೂ ನಡೆಯುವುದಿಲ್ಲ. ನಾಯಿ ಗಾತ್ರ ದೊಡ್ಡದು, ಬೊಗಳುತ್ತದೆ ಅನ್ನುವ ಕಾರಣಕ್ಕೆ ಮನೆ ಖಾಲಿ ಮಾಡಿ ಅನ್ನುವಂತಿಲ್ಲ. ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ, ಅದಕ್ಕೆ ಬೇರೆ ದುಡ್ಡೂ ಕೇಳುವಂತಿಲ್ಲ. ಆದರೆ ಹೊರಗೆ ತಂದಾಗ ಹಗ್ಗ ಹಾಕಿ ಅಂತ ಕೇಳಬಹುದು. ಅದು ನ್ಯಾಯವಾದ ಮಾತು.

ಬಾಡಿಗೆ ಮನೆಯ ಕಥೆ ಬೇರೆ. ಅಲ್ಲಿ ನೀವು ಮತ್ತು ಯಜಮಾನರು ಮಾಡಿಕೊಂಡ ಕರಾರೇ ಮುಖ್ಯ. ಮುಚ್ಚಿಟ್ಟು ತರಬೇಡಿ. ಮೊದಲೇ ಕೇಳಿ, ಒಪ್ಪಿದರೆ ಕರಾರು ಪತ್ರದಲ್ಲೇ ಒಂದು ಸಾಲು ಬರೆಸಿ. ಮೂರು ತಿಂಗಳಾದ ಮೇಲೆ ಗೊತ್ತಾಗಿ "ಒಂದೋ ನಾಯಿ ಬಿಡ್ರಿ, ಇಲ್ಲಾ ಮನಿ ಬಿಡ್ರಿ" ಅಂದಾಗ ಬೀದಿ ಪಾಲಾಗುವುದು ನಾಯಿ. ಹಾಗೆ ವಾಪಸ್ ಬಂದ ನಾಯಿಯನ್ನು ನಾವು ಇಟ್ಟುಕೊಂಡಿದ್ದೆವು. ಎಂಟು ದಿನ ಗೇಟಿನ ಕಡೆಗೇ ಮುಖ ಮಾಡಿ ಮಲಗಿತ್ತು.

ನಾನು ಧಾರವಾಡದಲ್ಲಿ ಓದುತ್ತಿದ್ದೀನಿ, ರೂಮ್‌ನಲ್ಲಿ ಇದ್ದೀನಿ. ಒಂದು ಮರಿ ತಗೋಬಹುದಾ?

ಬೇಡ. ನಿಮ್ಮ ಪ್ರೀತಿಯ ಮೇಲೆ ಅನುಮಾನ ಇಲ್ಲ. ಆದರೆ ಓಣಿ ನಾಯಿ ಮನೆಯೊಳಗೆ ಚೆನ್ನಾಗಿ ಬಾಳಿದರೆ ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ನಿಮ್ಮ ಕೋರ್ಸ್ ಎರಡು-ಮೂರು ವರ್ಷ. ಪರೀಕ್ಷೆ ಮುಗಿದ ಮೇಲೆ ಸಪ್ತಾಪುರದ ರೂಮ್ ಖಾಲಿ ಮಾಡುವಾಗ ಅದನ್ನು ಏನು ಮಾಡುತ್ತೀರಿ? ಅದರ ಬದಲು ನಿಮ್ಮ ಕ್ಯಾಂಪಸ್ಸಿನ ನಾಯಿಯೊಂದಕ್ಕೆ ಲಸಿಕೆ ಹಾಕಿಸಿ, ಫೋಟೋ ತೆಗೆದು, ಖಾಯಂ ಮನೆ ಇರುವ ಯಾರಿಗಾದರೂ ಒಪ್ಪಿಸಿ. ಊರಲ್ಲಿರುವ ಅಪ್ಪ-ಅವ್ವ ಮನಸಾರೆ ಒಪ್ಪಿದ್ದಾರೆ ಅಂದರೆ ಅದು ಬೇರೆ ಮಾತು. ಆಗ ನಾಯಿ ಅವರದ್ದು.

"ಹೆಣ್ಣು ನಾಯಿ ಬ್ಯಾಡ್ರಿ, ಗಂಡು ಇದ್ರ ಕೊಡ್ರಿ"

ಇದು ಪ್ರಶ್ನೆ ಅಲ್ಲ, ಆದರೆ ನಾವು ಎಲ್ಲಕ್ಕಿಂತ ಜಾಸ್ತಿ ಕೇಳುವ ಮಾತು ಇದೇ. ಒಂದೇ ಸೂಲಿನ ಆರು ಮರಿಯಲ್ಲಿ ಗಂಡುಗಳು ವಾರದೊಳಗೆ ಹೋಗುತ್ತವೆ, ಹೆಣ್ಣುಗಳು ಉಳಿಯುತ್ತವೆ. ರಾತ್ರಿ ಕತ್ತಲಲ್ಲಿ ಚೀಲದಲ್ಲಿ ಕಟ್ಟಿ ಕೆರೆದಂಡೆಗೆ ತಂದು ಬಿಡುವುದೂ ಹೆಣ್ಣು ಮರಿಗಳನ್ನೇ. ನೋಡಿ ನೋಡಿ ಸಾಕಾಗಿದೆ.

ಭಯ ಏನು ಅಂತ ಗೊತ್ತು. ಬೆದೆಗೆ ಬರುತ್ತದೆ, ಗಂಡು ನಾಯಿಗಳು ಮನೆ ಮುಂದೆ ಸೇರುತ್ತವೆ, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಒಂದು ಆಪರೇಷನ್‌ನಿಂದ ಇದೆಲ್ಲ ಮುಗಿಯುತ್ತದೆ. ಸುಮಾರು ಆರು ತಿಂಗಳಾದ ಮೇಲೆ ಪಶುವೈದ್ಯರು ನೋಡಿ ದಿನ ಹೇಳುತ್ತಾರೆ. ಹೊಲಿಗೆ ಮಾಯಲು ಹತ್ತು ದಿನ. ಅಷ್ಟು ದಿನ ಅದು ಹೊಲಿಗೆ ನೆಕ್ಕದಂತೆ ಕೊರಳಿಗೆ ದೊಡ್ಡ ಪಟ್ಟಿ ಹಾಕಿರಬೇಕು. ಗರ್ಭಕೋಶದಲ್ಲಿ ಕೀವು ಆಗುವ ಕಾಯಿಲೆಯೂ ತಪ್ಪುತ್ತದೆ. ಗಂಡಿಗೂ ಮಾಡಿಸಿ. ಬೆದೆಯ ವಾಸನೆ ಹಿಡಿದು ಗೋಡೆ ಹಾರಿ ಹೋಗುವುದು, ಕಚ್ಚಾಡಿಕೊಂಡು ಬರುವುದು ಕಡಿಮೆಯಾಗುತ್ತದೆ.

ನಮ್ಮ ಚಿಗರಿ ಹೆಣ್ಣು. ಬಾಗಿಲಲ್ಲಿ ಅವಳು ಕೂತಿದ್ದರೆ ಅಪರಿಚಿತರು ಗೇಟು ಮುಟ್ಟುವುದಿಲ್ಲ.

ಲಸಿಕೆಗಳು ಯಾವುವು, ಯಾವಾಗ?

ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಇಂಜೆಕ್ಷನ್. ಡಿಸ್ಟೆಂಪರ್, ಪಾರ್ವೊದಂಥ ರೋಗಗಳಿಗೆ ಒಂದೇ ಸೂಜಿ. ಮೂರು-ನಾಲ್ಕು ವಾರಕ್ಕೆ ಮತ್ತೊಮ್ಮೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧಿ ಮರಿಗೆ ಎರಡು ವಾರಕ್ಕೊಮ್ಮೆ ಶುರುವಾಗಿ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ.

ಪಾರ್ವೊ ಬಗ್ಗೆ ಹುಷಾರಾಗಿರಿ. ಮರಿ ಊಟ ಬಿಟ್ಟು, ವಾಂತಿ ಮಾಡಿ, ನಾರುವ ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದು ರಾತ್ರಿಯಲ್ಲಿ ಮರಿ ಹೋಗಿಬಿಡುತ್ತದೆ. ಎರಡೂ ಸೂಜಿ ಆಗುವ ತನಕ ಮರಿಯನ್ನು ರಸ್ತೆಗೆ ಇಳಿಸಬೇಡಿ, ಬೇರೆ ನಾಯಿ ಓಡಾಡಿದ ಮಣ್ಣಿಂದಲೇ ಅದು ತಗಲುತ್ತದೆ.

ದೊಡ್ಡ ನಾಯಿಗಳಲ್ಲಿ ನಾವು ಜಾಸ್ತಿ ನೋಡುವುದು ಉಣ್ಣಿ ಹುಳದಿಂದ ಬರುವ ಜ್ವರ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ. ನಾಯಿ ಮಂಕಾಗಿ, ವಸಡು ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಮನುಷ್ಯರ ಜ್ವರದ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನಾಯಿಯ ಜೀವಕ್ಕೇ ಅಪಾಯ ತರಬಹುದು.

ಖರ್ಚು ಎಷ್ಟಾಗುತ್ತದೆ?

ಮೊದಲ ವರ್ಷವೇ ಜಾಸ್ತಿ. ಲಸಿಕೆ, ಆಪರೇಷನ್ ಎಲ್ಲ ಆಗಲೇ ಬರುತ್ತವೆ. ಸರ್ಕಾರಿ ಪಶು ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ, ಅಲ್ಲಿ ಬರೀ ಎಮ್ಮೆ-ಆಕಳನ್ನಷ್ಟೇ ನೋಡುವುದಿಲ್ಲ. ಊಟ ಮನೆಯಲ್ಲೇ ಮಾಡಿ ಹಾಕಿದರೆ ತಿಂಗಳ ಖರ್ಚು ಭಾರವಾಗದು. ಭಾರ ಬೀಳುವುದು ಅಪಘಾತ ಆದಾಗ. ಅದಕ್ಕೆ ತಿಂಗಳಿಗೆ ಒಂದಿಷ್ಟು ತೆಗೆದಿಡಿ.

ಮೊದಲ ದಿನ ಮನೆಗೆ ತಂದಾಗ ಏನು ಮಾಡಬೇಕು?

ಏನೂ ಮಾಡಬೇಡಿ. ನಿಜವಾಗಿ ಹೇಳುತ್ತಿದ್ದೇನೆ.

ನಾಯಿ ಬಂತು ಅಂತ ಓಣಿಯ ಮಕ್ಕಳೆಲ್ಲ ಸೇರುತ್ತಾರೆ, ಮೈ ಮುಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ಅದಕ್ಕೆ ಅವತ್ತು ಎಲ್ಲವೂ ಹೊಸತು. ನೆಲ ಹೊಸತು, ಫ್ಯಾನಿನ ಸದ್ದು ಹೊಸತು. ಪಡಸಾಲೆಯ ಒಂದು ಮೂಲೆಯಲ್ಲಿ ಗೋಣಿಚೀಲ ಅಥವಾ ಹಳೆ ಕೌದಿ ಹಾಸಿ, ನೀರಿಟ್ಟು ಸುಮ್ನೆ ಬಿಡಿ. ತಾನಾಗಿ ಹತ್ತಿರ ಬರುವ ತನಕ ಕಾಯಿರಿ. ಸ್ನಾನ ಮಾಡಿಸುವ ಅವಸರವೂ ಬೇಡ.

ನಾಯಿ ನೋಡಿಕೊಳ್ಳುವವರು ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ಭಯ. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ಗೊತ್ತಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅನಿಸುತ್ತದೆ. ಚಿಗರಿ ಮೊದಲ ಎರಡು ದಿನ ಹೊಲಿಗೆ ಮಷೀನಿನ ಕೆಳಗಿಂದ ಹೊರಗೇ ಬರಲಿಲ್ಲ. ಊಟವನ್ನು ರಾತ್ರಿ ನಾವೆಲ್ಲ ಮಲಗಿದ ಮೇಲೆ ತಿನ್ನುತ್ತಿದ್ದಳು. ಕಸಬರಿಗೆ ಕೈಗೆತ್ತಿಕೊಂಡರೆ ಸಾಕು, ಅಲ್ಲೇ ಮೂತ್ರ ಮಾಡಿಕೊಳ್ಳುತ್ತಿದ್ದಳು. ಎಂಥ ಏಟು ತಿಂದಿದ್ದಳೋ. ನನ್ನ ತಂಗಿ ತಿಂಗಳುಗಟ್ಟಲೆ ಅವಳ ಮುಂದೆ ಕಸ ಗುಡಿಸಲಿಲ್ಲ. ಅವಳು ಹಿತ್ತಲಿಗೆ ಹೋದಾಗ ಮಾತ್ರ ಗುಡಿಸುತ್ತಿದ್ದಳು.

ಮನೆಯೊಳಗೆ ಹೊಲಸು ಮಾಡಿದರೆ ಹೊಡೆಯಬೇಡಿ, ಮೂತಿಯನ್ನು ಅದರಲ್ಲಿ ಉಜ್ಜಬೇಡಿ. ಎದ್ದ ಕೂಡಲೇ, ಉಂಡ ಕೂಡಲೇ ಹೊರಗೆ ಒಯ್ಯಿರಿ. ಅಲ್ಲಿ ಮಾಡಿದರೆ ಮೆಚ್ಚಿ ಮಾತಾಡಿಸಿ. ಓಣಿ ನಾಯಿಗಳು ಇದನ್ನು ಬಹಳ ಬೇಗ ಕಲಿಯುತ್ತವೆ, ಮಲಗುವ ಜಾಗ ಚೊಕ್ಕ ಇಟ್ಟುಕೊಳ್ಳುವುದು ಅವಕ್ಕೆ ಮೊದಲೇ ಗೊತ್ತಿರುತ್ತದೆ.

ಏನು ಊಟ ಹಾಕಬೇಕು? ನಾವು ಉಣ್ಣುವುದನ್ನೇ ಹಾಕಬಹುದಾ?

ಅರ್ಧ ಹೌದು, ಅರ್ಧ ಇಲ್ಲ. ನಮ್ಮ ಅಡಿಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ್ದು ಯಾವುದಿದೆ ಹೇಳಿ? ಝುಣಕ, ಎಣ್ಣೆಗಾಯಿ, ಗಿರ್ಮಿಟ್, ಎಲ್ಲದರಲ್ಲೂ ಇರುತ್ತದೆ. ಇವೆರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ, ದಿನಾ ಹಾಕಿದರೆ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ಒಗ್ಗರಣೆ ಹಾಕುವ ಮೊದಲೇ ನಾಯಿಯ ಪಾಲು ತೆಗೆದಿಡುವ ರೂಢಿ ಮಾಡಿಕೊಳ್ಳಿ.

ಜೋಳದ ರೊಟ್ಟಿಯನ್ನು ಚೂರು ಮಾಡಿ, ಉಪ್ಪು-ಖಾರ ಇಲ್ಲದ ಕೋಳಿ ಬೇಯಿಸಿದ ನೀರಲ್ಲಿ ನೆನೆಸಿ ಕೊಡಿ. ಅನ್ನ-ಮೊಸರು, ಬೇಯಿಸಿದ ತತ್ತಿ, ಗಜ್ಜರಿ, ಕುಂಬಳಕಾಯಿ ಎಲ್ಲ ಆಗುತ್ತದೆ. ಬರೀ ರೊಟ್ಟಿ-ಹಾಲು ಸಾಲದು, ನಾಯಿಗೆ ಮಾಂಸ ಅಥವಾ ತತ್ತಿ ಬೇಕು. ಮನೆಯಲ್ಲಿ ಮಾಂಸ ತರುವುದಿಲ್ಲ ಅನ್ನುವವರು ಪಶುವೈದ್ಯರನ್ನು ಕೇಳಿ ಅಂಗಡಿಯ ಒಣ ಆಹಾರ ಹಾಕಿ. ಹಾಲು ಕುಡಿದರೆ ಬಹಳ ನಾಯಿಗಳಿಗೆ ಭೇದಿ ಆಗುತ್ತದೆ, ಮಜ್ಜಿಗೆ ಒಗ್ಗುತ್ತದೆ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಅದು ಬೇಡ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಪೂರ್ತಿ ಬಂದ್. ಪೇಡೆಯನ್ನೂ ಕೊಡಬೇಡಿ. ಕೇಳುವ ಕಣ್ಣು ನೋಡಿದರೆ ಕರಗುತ್ತೀರಿ ಅಂತ ಗೊತ್ತು, ಆದರೂ ಬೇಡ.

ಮರಿಗೆ ದಿನಕ್ಕೆ ಮೂರು-ನಾಲ್ಕು ಸಲ, ದೊಡ್ಡದಕ್ಕೆ ಎರಡು ಸಲ ಹಾಕಿ.

ಹೊಲ ಕಾಯಲು ನಾಯಿ ಬೇಕು, ಕೊಡುತ್ತೀರಾ?

ಕುಂದಗೋಳ, ನವಲಗುಂದ ಕಡೆಯಿಂದ ಇಂಥ ಫೋನ್ ಬರುತ್ತಿರುತ್ತವೆ. ಹೊಲದಲ್ಲಿ ಮನೆ ಇದ್ದು, ಜನ ಅಲ್ಲೇ ಇದ್ದರೆ ಸಂತೋಷದಿಂದ ಕೊಡುತ್ತೇವೆ. ಖಾಲಿ ಶೆಡ್ಡಿಗೆ ಕಟ್ಟಿ, ಎರಡು ದಿನಕ್ಕೊಮ್ಮೆ ಬಂದು ರೊಟ್ಟಿ ಎಸೆದು ಹೋಗುವುದಾದರೆ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಇದೆ. ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು, ಅನ್ನ-ನೀರು-ನೆರಳು ಕೊಡದಿರುವುದು, ಎಲ್ಲವೂ ಅಪರಾಧ.

ಮುಧೋಳ ನಾಯಿ ದತ್ತು ಸಿಗುತ್ತದಾ?

ಆಗಾಗ ಸಿಗುತ್ತದೆ. ಉದ್ದ ಮೂತಿ, ಒಣ ಮೈ, ಬಾಣದಂಥ ಓಟ. 2005ರಲ್ಲಿ ಇದರ ಚಿತ್ರದ ಅಂಚೆಚೀಟಿಯೂ ಬಂದಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಬೇಟೆಗಾಗಿ ಬೆಳೆದ ನಾಯಿ ಇದು, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒದ್ದಾಡುತ್ತದೆ. ದಿನಾ ಓಡಲು ಬೇಲಿ ಇರುವ ಜಾಗ ಇದ್ದರೆ ಮಾತ್ರ ತಗೊಳ್ಳಿ. ಮೈ ತುಂಬಿಸಬೇಕು ಅಂತ ತಿನ್ನಿಸಬೇಡಿ, ಅದರ ಮೈಕಟ್ಟೇ ಹಾಗೆ.

ನಾಟಿ ನಾಯಿಗೆ ಬೆಲೆ ಇಲ್ಲ ಅನ್ನುವವರಿಗೆ ನಾನು ಆತಕೂರಿನ ಕಥೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಸುಮಾರು ಸಾವಿರದ ಎಪ್ಪತ್ತು ವರ್ಷದ ಹಿಂದೆಯೇ ವೀರಗಲ್ಲು ಹಾಕಿಸಿದ್ದಾರೆ. ನಮ್ಮ ಭಾಗದ ಮೈಲಾರಲಿಂಗನ ಜೊತೆಯಲ್ಲೂ ನಾಯಿ ಇದೆ.

ನನ್ನ ನಾಯಿ ಯಾರನ್ನಾದರೂ ಕಚ್ಚಿದರೆ?

ಮೊದಲು ಗಾಯ. ನಲ್ಲಿಯ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಯಾಕೆಂದರೆ ಎಲ್ಲರೂ ಎರಡೇ ನಿಮಿಷಕ್ಕೆ ನಿಲ್ಲಿಸುತ್ತಾರೆ. ಸುಣ್ಣ, ಖಾರದಪುಡಿ, ಅರಿಷಿಣ, ಎಣ್ಣೆ ಏನೂ ಹಚ್ಚಬೇಡಿ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ. ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದಲ್ಲಿ ಜಿಲ್ಲಾಸ್ಪತ್ರೆ ಇದೆ.

ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಒಂದನ್ನೂ ತಪ್ಪಿಸಬೇಡಿ. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಬೇಕು. ವೈದ್ಯರು ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ನಾಯಿಗೆ ಲಸಿಕೆ ಆಗಿದ್ದರೂ ವೈದ್ಯರಿಗೆ ತೋರಿಸಿ, ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಬದುಕುವುದಿಲ್ಲ ಅಂತಲೇ ತಿಳಿಯಿರಿ. ಆದರೆ ಸಮಯಕ್ಕೆ ಸರಿಯಾಗಿ ಲಸಿಕೆ ಬಿದ್ದರೆ ಬರದಂತೆ ತಡೆಯಬಹುದು. ನಾಟಿ ಔಷಧಿ, ತಾಯತ ಅಂತ ಒಂದು ದಿನವನ್ನೂ ಕಳೆಯಬೇಡಿ.

ಕಾನೂನಿನ ವಿಷಯಕ್ಕೆ ಬಂದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಆಗದಂತೆ ಮಾಲೀಕರು ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿ ನಿಮ್ಮದಾದರೆ ಕಚ್ಚಿಸಿಕೊಂಡವರ ಜೊತೆ ನೀವೇ ಆಸ್ಪತ್ರೆಗೆ ಹೋಗಿ, ಖರ್ಚು ಕೊಡಿ, ಲಸಿಕೆ ಪುಸ್ತಕ ತೋರಿಸಿ. ಮೊದಲು ಜಗಳಕ್ಕೆ ನಿಲ್ಲಬೇಡಿ.

ಬೆಳಿಗ್ಗೆ ಎಲ್ಲಿ ತಿರುಗಾಡಿಸಬಹುದು? ನೆರೆಯವರು ಜಗಳ ಮಾಡುತ್ತಾರೆ

ನಾಯಿ ಹೊಲಸು ಮಾಡಿದ್ದನ್ನು ಎತ್ತದಿದ್ದರೆ ಜಗಳ ಮಾಡುವುದು ಅವರ ತಪ್ಪಲ್ಲ. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿದ ಕಾಕೂಗೆ ಅದರ ಪಕ್ಕ ಹೊಲಸು ಕಂಡರೆ ಹೇಗನಿಸಬೇಡ? ಹಳೆ ಪೇಪರ್ ಒಯ್ಯಿರಿ, ಎತ್ತಿ ಹಾಕಿ. ಹಗ್ಗ ಕೈಯಲ್ಲೇ ಇರಲಿ. ಉಣಕಲ್ ಕೆರೆದಂಡೆ, ನೃಪತುಂಗ ಬೆಟ್ಟ, ಕೆಲಗೇರಿ ಕೆರೆಯಂಥ ಕಡೆ ಜನ ವಾಕಿಂಗ್‌ಗೆ ಬರುತ್ತಾರೆ, ಜನ ಕಡಿಮೆ ಇರುವ ಹೊತ್ತು ಆರಿಸಿಕೊಳ್ಳಿ. ಗೇಟಿನಲ್ಲಿ ನಾಯಿ ಬೇಡ ಅಂತ ಬೋರ್ಡ್ ಇದ್ದರೆ ವಾದ ಮಾಡದೆ ಬೇರೆ ದಾರಿ ಹಿಡಿಯಿರಿ. ಏಪ್ರಿಲ್-ಮೇ ತಿಂಗಳಲ್ಲಿ ಡಾಂಬರಿನ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಹೋಳಿ, ದೀಪಾವಳಿಯಲ್ಲಿ ಏನು ಮಾಡುವುದು?

ಹುಬ್ಬಳ್ಳಿಯಲ್ಲಿ ಪಟಾಕಿಯಷ್ಟೇ ಕಷ್ಟ ಹೋಳಿಯ ಹಲಗಿ ಸದ್ದು. ದಿನಗಟ್ಟಲೆ ಬಾರಿಸುತ್ತಾರೆ, ರಂಗಪಂಚಮಿ ದಿನ ಇನ್ನೂ ಜೋರು. ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಒಬ್ಬರು ಜೊತೆಗಿರಿ. ತಿರುಗಾಟ ಬೆಳಗಿನ ಜಾವವೇ ಮುಗಿಸಿ. ಬಣ್ಣ ಮೈಗೆ ಬಿದ್ದರೆ ಅದು ನೆಕ್ಕಿ ಹೊಟ್ಟೆಗೆ ಹೋಗುತ್ತದೆ, ಕೂಡಲೇ ಬರೀ ನೀರಲ್ಲಿ ತೊಳೆಯಿರಿ. ಬಹಳ ಹೆದರುವ ನಾಯಿಯಾದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರನ್ನು ಕೇಳಿ, ಔಷಧಿ ಇದೆ.

ಮನೆಯಲ್ಲಿ ಸಣ್ಣ ಮಗು ಇದೆ

ತಗೋಬಹುದು, ಆದರೆ ಮರಿಗಿಂತ ಎರಡು-ಮೂರು ವರ್ಷದ ಶಾಂತ ನಾಯಿ ಒಳ್ಳೆಯದು. ಎಷ್ಟೇ ಸಾಧು ಇದ್ದರೂ ಮಗು ಮತ್ತು ನಾಯಿಯನ್ನು ಇಬ್ಬರನ್ನೇ ಬಿಟ್ಟು ಹೋಗಬೇಡಿ. ನಾಯಿ ಉಣ್ಣುವಾಗ, ಮಲಗಿದಾಗ ಮುಟ್ಟಬಾರದು ಅಂತ ಮಗುವಿಗೆ ಮೊದಲ ದಿನದಿಂದಲೇ ಹೇಳಿಕೊಡಿ.

ರೈಲಿನಲ್ಲಿ ಒಯ್ಯಬಹುದಾ?

ಮೊದಲ ದರ್ಜೆಯ ಎಸಿಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿದ್ದರೆ ಜೊತೆಗೆ ಒಯ್ಯಬಹುದು. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆ. ಎರಡಕ್ಕೂ ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಬೇಕು, ಲಸಿಕೆ ದಾಖಲೆ ಒಯ್ಯಬೇಕು. ಹೊತ್ತಿಗೆ ಮುಂಚೆ ಹೋಗಿ. ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಹೆದರಿದ ನಾಯಿ ಹಿಡಿದುಕೊಂಡು ಕೊನೆ ನಿಮಿಷದಲ್ಲಿ ಓಡಲು ಆಗುವುದಿಲ್ಲ.

ಸಾಕಲು ಆಗಲಿಲ್ಲ ಅಂದರೆ ವಾಪಸ್ ಕೊಡಬಹುದಾ?

ಕೊಡಿ. ದಯವಿಟ್ಟು ಕೊಡಿ. ನಾವು ಬಯ್ಯುವುದಿಲ್ಲ. ಬೇರೆ ಊರಿಗೆ ವರ್ಗ ಆಗಬಹುದು, ಮನೆಯಲ್ಲಿ ಕಾಯಿಲೆ ಬರಬಹುದು. ಬೀದಿಗೆ ಮಾತ್ರ ಬಿಡಬೇಡಿ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು ಅದೇ 1960ರ ಕಾಯ್ದೆಯ ಪ್ರಕಾರ ಅಪರಾಧ. ದಂಡ ಇವತ್ತಿಗೂ ಮೊದಲ ಸಲಕ್ಕೆ 10ರಿಂದ 50 ರೂಪಾಯಿ ಅಷ್ಟೇ. ಅಷ್ಟೇ ತಾನೆ ಅಂದುಕೊಳ್ಳುವವರಿಗೆ ನಾವು ನಾಯಿ ಕೊಡುವುದಿಲ್ಲ.

ನಾಯಿ ಕಳೆದುಹೋದರೆ?

ಕೊರಳ ಪಟ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಮೊದಲ ದಿನವೇ ಹಾಕಿ. ಮೈಕ್ರೊಚಿಪ್ ಹಾಕಿಸಿದರೆ ಇನ್ನೂ ಒಳ್ಳೆಯದು. ಕಳೆದ ಕೂಡಲೇ ಓಣಿಯ ಹಾಲಿನವರು, ಪೇಪರ್ ಹುಡುಗರು, ಕಸದ ಗಾಡಿಯವರಿಗೆ ಫೋಟೋ ತೋರಿಸಿ. ಬೆಳಗಿನ ಜಾವ ಊರು ಸುತ್ತುವವರು ಅವರೇ. ಹೊಸದಾಗಿ ತಂದ ನಾಯಿಯಾದರೆ ಅದು ಮೊದಲು ಇದ್ದ ಜಾಗಕ್ಕೆ ಹೋಗಿ ನೋಡಿ. ಚಿಗರಿ ಬಂದ ಮೊದಲ ದೀಪಾವಳಿಗೆ ಪಟಾಕಿಗೆ ಹೆದರಿ ಗೇಟು ಹಾರಿದ್ದಳು. ರಾತ್ರಿಯೆಲ್ಲ ಹುಡುಕಿದೆವು. ಬೆಳಿಗ್ಗೆ ಐದೂವರೆಗೆ ಅದೇ ಬಿಆರ್‌ಟಿಎಸ್ ನಿಲ್ದಾಣದ ಬಳಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ತಂಗಿ ದೂರದಲ್ಲೇ ನೆಲಕ್ಕೆ ಕೂತು, ಹೆಸರು ಹಿಡಿದು ಕರೆದಳು. ಓಡಿ ಹೋಗಿ ಹಿಡಿಯಬೇಡಿ, ನೀವೂ ಹಾಗೇ ಕೂತು ಕರೆಯಿರಿ.